ವಿದೇಶದಿಂದ ಸ್ವಂತ ವಿಮಾನ: ಹುಬ್ಬಳ್ಳಿಯ ಖರೀದಿದಾರರಿಗೆ ಆಮದು ತೆರಿಗೆಯ ಕೈಪಿಡಿ

ಹುಬ್ಬಳ್ಳಿ-ಧಾರವಾಡದ ಉದ್ಯಮಿಯೊಬ್ಬರು ವಿದೇಶದಿಂದ ವಿಮಾನ ತರಿಸಲು ಹೊರಟರೆ, ಮಾರುವವರೊಡನೆ ದರದ ಮಾತು ಶುರುವಾಗುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ವಿಮಾನ ಮನೆಯವರ ಮತ್ತು ಕಂಪನಿಯ ಓಡಾಟಕ್ಕೋ, ಬಾಡಿಗೆಯ ಹಾರಾಟಕ್ಕೋ? ತೆರಿಗೆಯ ಬಹುಭಾಗ ಈ ಉತ್ತರವನ್ನೇ ಅವಲಂಬಿಸಿದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಬಳಕೆಯ ವಿಮಾನದ ಮೇಲಿನ ಜಿಎಸ್‌ಟಿ ಶೇ. 40ಕ್ಕೆ ಏರಿದೆ, ಅದಕ್ಕೆ ಮುಂಚೆ ಶೇ. 28 ತೆರಿಗೆ ಮತ್ತು ಶೇ. 3 ಪರಿಹಾರ ಸೆಸ್ ಇತ್ತು. ಇತರ ಬಳಕೆಯ ವಿಮಾನಕ್ಕೆ ದರ ಶೇ. 5 ಮಾತ್ರ. ಆಮದಿನ ವೇಳೆ ಇದನ್ನು ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ) ಎಂದು ವಸೂಲಿ ಮಾಡುತ್ತಾರೆ. ಮೂಲ ಕಸ್ಟಮ್ಸ್ ಸುಂಕ ಮತ್ತು ಆ ಸುಂಕದ ಶೇ. 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್ ಅನ್ವಯಿಸಿದರೆ, ಅವನ್ನೂ ವಿಮಾನದ ಮೌಲ್ಯಕ್ಕೆ ಕೂಡಿಸಿ, ಬಂದ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತದೆ. ಮೂಲ ಸುಂಕವನ್ನು ಬದಿಗಿಟ್ಟರೂ 10 ಕೋಟಿ ರೂಪಾಯಿಯ ವಿಮಾನಕ್ಕೆ ಒಂದು ದಾರಿಯಲ್ಲಿ 4 ಕೋಟಿ, ಇನ್ನೊಂದರಲ್ಲಿ 50 ಲಕ್ಷ.

ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂಪಡೆಯಬಹುದೆಂಬ ನಂಬಿಕೆ ನಮ್ಮ ವ್ಯಾಪಾರಿಗಳಲ್ಲಿ ಸಾಮಾನ್ಯ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 17(5)ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ: ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ಹಾರಾಟದ ತರಬೇತಿ, ವಿಮಾನದ ಮರುಮಾರಾಟ ಇವುಗಳಿಗೆ ಬಳಸಿದರೆ ಮಾತ್ರ ಕ್ರೆಡಿಟ್ ಸಿಗುತ್ತದೆ. ನಿರ್ದೇಶಕರನ್ನು ಸಭೆಗೆ ಒಯ್ದು ತರುವ ವಿಮಾನಕ್ಕೆ ಕಟ್ಟಿದ್ದು ಕಟ್ಟಿದಂತೆಯೇ.

ಹಾಗೆಂದು ಕಾಗದದಲ್ಲಿ ಮಾತ್ರ ಬಾಡಿಗೆ ಸಂಸ್ಥೆಯಾಗುವುದು ಅಪಾಯಕಾರಿ. ಬಾಡಿಗೆಯ ಹಾರಾಟಕ್ಕೆ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯಿಂದ ನಾನ್-ಶೆಡ್ಯೂಲ್ಡ್ (ನಿಗದಿತ ವೇಳಾಪಟ್ಟಿಯಿಲ್ಲದ) ಆಪರೇಟರ್ ಪರ್ಮಿಟ್ ಬೇಕು. ಷರತ್ತಿನ ಸುಂಕ ವಿನಾಯಿತಿ ಪಡೆದವರು ಅದೇ ಸೇವೆಗೆ ಬಳಸುವುದಾಗಿ ಕಸ್ಟಮ್ಸ್‌ಗೆ ಮುಚ್ಚಳಿಕೆ ಬರೆದುಕೊಡಬೇಕು. ತಪ್ಪಿದರೆ ಬಿಟ್ಟ ಸುಂಕವನ್ನು ಬಡ್ಡಿಸಹಿತ ತೆರಬೇಕಾಗುತ್ತದೆ. ಯಾವ ಹಾರಾಟ ಆ ಸೇವೆಯಾಗುತ್ತದೆ ಎಂಬ ವಾದ ನಮ್ಮೂರಿಗೆ ಹೊಸದಲ್ಲ. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ಪ್ರಕರಣದಲ್ಲಿ ಅಹಮದಾಬಾದಿನ ಸೆಸ್ಟ್ಯಾಟ್‌ನ (ಕಸ್ಟಮ್ಸ್ ಮೇಲ್ಮನವಿ ನ್ಯಾಯಮಂಡಳಿಯ) ವಿಸ್ತೃತ ಪೀಠ 2022ರಲ್ಲಿ, ಚಾರ್ಟರ್ ಹಾರಾಟವೂ ನಿಗದಿತವಲ್ಲದ ಪ್ರಯಾಣಿಕ ಸೇವೆಯೊಳಗೇ ಬರುತ್ತದೆ ಎಂದಿತು. ತೀರ್ಪು ಅನುಕೂಲವೇ; ಆದರೂ ಮಾಲೀಕರ ಮನೆಯವರು ಮುಂಬಯಿಗೆ ಹೋಗಿಬಂದ ದಿನಕ್ಕೂ ಜರ್ನಿ ಲಾಗ್, ಪ್ರಯಾಣಿಕರ ಪಟ್ಟಿ, ಜಿಎಸ್‌ಟಿ ಹಾಕಿದ ಬಿಲ್ಲು ಮತ್ತು ಬ್ಯಾಂಕಿಗೆ ಜಮೆಯಾದ ಬಾಡಿಗೆ ಒಂದಕ್ಕೊಂದು ತಾಳೆಯಾಗುವಂತೆ ಇಡುವುದು ಒಳಿತು. ನನ್ನ ಅಭಿಪ್ರಾಯದಲ್ಲಿ, ನಿಜವಾಗಿ ಬಾಡಿಗೆಗೆ ಬಿಡುವ ಮನಸ್ಸಿಲ್ಲದವರು ಶೇ. 40 ಕಟ್ಟಿ ನೆಮ್ಮದಿಯಿಂದಿರುವುದೇ ಲೇಸು.

ಮೌಲ್ಯವೆಂದರೆ ಇನ್‌ವಾಯ್ಸಿನ ಮೊತ್ತವಷ್ಟೇ ಎಂದು ತಿಳಿಯಬಾರದು. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ ಸಾಗಣೆ ವೆಚ್ಚವೂ ವಿಮೆಯೂ ಸೇರುತ್ತವೆ. ವಿಮಾನ ತಾನೇ ಹಾರಿ ಬಂದರೂ ಆ ಹಾರಾಟದ ಖರ್ಚಿನ ದಾಖಲೆ ಕೇಳುತ್ತಾರೆಂದು ಎಣಿಸಿಯೇ ಸಿದ್ಧರಿರಬೇಕು. ಖರೀದಿದಾರ ತನ್ನ ಪರವಾಗಿ ನೇಮಿಸಿದ ಏಜೆಂಟನಿಗೆ ಕೊಟ್ಟ ಕಮಿಷನ್ ಸೇರುವುದಿಲ್ಲ, ಉಳಿದ ದಲ್ಲಾಳಿ ಹಣ ಸೇರುತ್ತದೆ. ಆದ್ದರಿಂದ ಏಜೆಂಟ್ ಯಾರ ಪರ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಿರಲಿ. ಡಾಲರ್ ಲೆಕ್ಕಕ್ಕೆ ಕಸ್ಟಮ್ಸ್ ಪ್ರಕಟಿಸಿದ ವಿನಿಮಯ ದರವೇ ಆಧಾರ, ನಿಮ್ಮ ಬ್ಯಾಂಕಿನದಲ್ಲ. ದರ ಅಥವಾ ವರ್ಗೀಕರಣದ ಬಗ್ಗೆ ಸಂಶಯವಿದ್ದರೆ ಖರೀದಿಗೆ ಮುಂಚೆಯೇ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.

ಹೊರದೇಶದಿಂದ ಬರುವ ವಿಮಾನ ಮೊದಲು ಕಸ್ಟಮ್ಸ್ ವಿಮಾನ ನಿಲ್ದಾಣದಲ್ಲೇ ಇಳಿಯಬೇಕಾದ್ದರಿಂದ, ಗೋಕುಲ ರಸ್ತೆಯ ನಿಲ್ದಾಣಕ್ಕೆ ನೇರವಾಗಿ ಕರೆಸುವ ಆಸೆ ಬೇಡ. ಬೆಂಗಳೂರಿನಲ್ಲಿ ತೆರವು ಮಾಡಿಸಿಕೊಂಡು ಹುಬ್ಬಳ್ಳಿಗೆ ತರಬಹುದು. ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಮತ್ತು ಡಿಜಿಸಿಎ ಅನುಮತಿ ಕೈಯಲ್ಲಿದ್ದರೆ, ವಿಮಾನ ಬರುವ 30 ದಿನ ಮುಂಚಿತವಾಗಿಯೇ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣಾ ಪತ್ರ) ಸಲ್ಲಿಸಲು ಅವಕಾಶವಿದೆ. ವಿಮಾನ ತೆರವಾದ ಮೇಲೆ ಆ ಬಿಲ್ಲಿನ ಪ್ರತಿಯನ್ನು ಜೋಪಾನ ಮಾಡಬೇಕು, ಏಕೆಂದರೆ ಭಾರತದ ವಿಮಾನಗಳ ಗುರುತಾದ ವಿಟಿ ಅಕ್ಷರಗಳ ನೋಂದಣಿಗೆ ಡಿಜಿಸಿಎ ಅದನ್ನು ಕೇಳುತ್ತದೆ.