ಪಾದ ಅಲ್ಲ, ತೊಡೆ ತಿರುಗಬೇಕು

ನಾನು ಮಡಿಕೇರಿಯಲ್ಲಿ ಮನೆಯ ಹಾಲ್‌ನಲ್ಲೇ ಮಕ್ಕಳಿಗೆ ಬ್ಯಾಲೆ ಹೇಳಿಕೊಡುತ್ತೇನೆ. ಫಸ್ಟ್ ಪೊಸಿಷನ್ ಅಂದ ತಕ್ಷಣ ಹೊಸಬರು ಹಿಮ್ಮಡಿ ಜೋಡಿಸಿ, ಎರಡೂ ಪಾದ ಒಂದೇ ಗೆರೆಗೆ ಬರುವಷ್ಟು ಹೊರಗೆ ತಿರುಗಿಸಿಬಿಡುತ್ತಾರೆ. ವಿಡಿಯೋದಲ್ಲಿ ನೋಡಿದ 180 ಡಿಗ್ರಿ ಅದು. ಪಾದ ಪಕ್ಕಕ್ಕೆ ನೋಡುತ್ತದೆ, ಮಂಡಿಚಿಪ್ಪು ಮುಂದಕ್ಕೇ ನೋಡುತ್ತಿರುತ್ತದೆ. ತಿರುಚಿಕೊಳ್ಳುವುದು ಮಂಡಿ.

ಈ ತಿರುವು, ಅಂದರೆ ಟರ್ನ್‌ಔಟ್, ಮುಖ್ಯವಾಗಿ ಸೊಂಟದ ಕೀಲಿನಿಂದ ಬರಬೇಕು. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕೂತ ಹಾಗೆ ತೊಡೆಮೂಳೆಯ ತಲೆ ಸೊಂಟದ ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ಅಲ್ಲಿ ಎಲ್ಲ ಕಡೆಗೂ ತಿರುಗಲು ಜಾಗವಿದೆ. ಕಾಲು ನೇರ ಇದ್ದಾಗ ಮಂಡಿ ಹೆಚ್ಚುಕಡಿಮೆ ತಿರುಗುವುದೇ ಇಲ್ಲ.

ಎಲ್ಲರ ಸೊಂಟವೂ ಒಂದೇ ಥರ ಇರಲ್ಲ. ಗುಳಿಯ ಆಳ, ಅದು ನೋಡುವ ದಿಕ್ಕು ಒಬ್ಬೊಬ್ಬರಿಗೆ ಒಂದೊಂದು. ತೊಡೆಮೂಳೆಯ ಕುತ್ತಿಗೆ ದೊಡ್ಡವರಲ್ಲಿ ಸಾಮಾನ್ಯವಾಗಿ 15 ಡಿಗ್ರಿಯಷ್ಟು ಮುಂದಕ್ಕೆ ತಿರುಗಿರುತ್ತದೆ. ಅದು ಜಾಸ್ತಿ ಇದ್ದವರ ಕಾಲು ಒಳಗೆ ಸಲೀಸಾಗಿ ತಿರುಗುತ್ತದೆ, ಹೊರಗೆ ಕಡಿಮೆ. ಎಷ್ಟೇ ಸ್ಟ್ರೆಚ್ ಮಾಡಿದರೂ ಮೂಳೆಯ ಆಕಾರ ಬದಲಾಗಲ್ಲ.

ಹಾಗಾಗಿ ಸೇರಿದವರನ್ನು ಮೊದಲು ಚಾಪೆ ಮೇಲೆ ಬೋರಲು ಮಲಗಿಸುತ್ತೇನೆ. ಒಂದು ಮಂಡಿ 90 ಡಿಗ್ರಿ ಮಡಚಬೇಕು, ಅಂಗಾಲು ಸೂರಿನ ಕಡೆಗೆ. ಸೊಂಟ ಏಳದ ಹಾಗೆ ಮೇಲೆ ಕೈ ಇಟ್ಟು, ಆ ಕಾಲು ಇನ್ನೊಂದು ಕಾಲಿನ ಕಡೆಗೆ ನಿಧಾನಕ್ಕೆ ವಾಲಲು ಬಿಡುತ್ತೇನೆ. ಪಾದ ಒಳಗೆ ಬಂದರೂ ತೊಡೆ ಹೊರಗೇ ತಿರುಗುತ್ತದೆ. ತಡೆ ಸಿಕ್ಕಲ್ಲಿಗೆ ಆ ಮಗುವಿನ ಅಳತೆ ಸಿಕ್ಕಿತು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರಬಹುದು.

ಆಮೇಲೆ ಸಾಕ್ಸ್ ಹಾಕಿಸಿ ನಮ್ಮ ಹಾಲ್‌ನ ರೆಡ್ ಆಕ್ಸೈಡ್ ನೆಲದ ಮೇಲೆ ನಿಲ್ಲಿಸುತ್ತೇನೆ. ಕಿಟಕಿ ಸರಳು ಹಿಡಿದು, ಪಾದ ಜೋಡಿಸಿ, ಭಾರ ಹಿಮ್ಮಡಿಗೆ ಹಾಕಿ, ಮುಂಗಾಲು ಚೂರು ಎತ್ತಿ ತೊಡೆಯಿಂದಲೇ ತಿರುಗಿಸಬೇಕು. ನುಣುಪು ನೆಲದಲ್ಲಿ ಪಾದಕ್ಕೆ ಹಿಡಿತ ಸಿಗಲ್ಲ. ಸ್ನಾಯು ಹಿಡಿದಷ್ಟು ನಿಲ್ಲುತ್ತದೆ, ಉಳಿದದ್ದು ಜಾರಿ ವಾಪಸ್ ಬರುತ್ತದೆ. ಒಬ್ಬಳು ತನ್ನ ಪಾದವನ್ನೇ ನೋಡುತ್ತಾ, "ಮಿಸ್, ನಂದು ಇಷ್ಟೇನಾ?" ಅಂದಳು. "ಇಷ್ಟು ಪೂರ್ತಿ ನಿಂದೇ ಮಗ. ಕುಣಿಯುವಾಗಲೂ ಇದನ್ನೇ ಹಿಡಿದುಕೋ" ಅಂದೆ.

ಮಕ್ಕಳು ಬೇಗ ಕಲಿಯುವ ಒಂದು ಅಡ್ಡದಾರಿ ಇದೆ. ಮಂಡಿ ಬಗ್ಗಿಸಿ ಪ್ಲಿಯೆಗೆ ಇಳಿದು, ಅಲ್ಲಿ ಪಾದ ಜಾಸ್ತಿ ತಿರುಗಿಸಿ, ಹಾಗೇ ಎದ್ದು ನಿಲ್ಲುವುದು. ಸೊಂಟದ ಕೀಲಿನ ಮುಂದೆ ತಲೆಕೆಳಗಾದ ವೈ ಆಕಾರದ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿ ಇದೆ, ಮೈಯಲ್ಲಿರುವ ಅತಿ ಗಟ್ಟಿ ಲಿಗಮೆಂಟ್‌ಗಳಲ್ಲಿ ಒಂದು. ನೇರ ನಿಂತಾಗ ಅದು ಬಿಗಿದು ತಿರುವನ್ನು ತಡೆಯುತ್ತದೆ. ಬಗ್ಗಿದಾಗ ಸಡಿಲವಾಗುತ್ತದೆ. ಎದ್ದಾಗ ತೊಡೆ ತನ್ನ ಜಾಗಕ್ಕೆ ಹೋಗುತ್ತದೆ, ನೆಲ ಕಚ್ಚಿದ ಪಾದ ಹೋಗಲ್ಲ. ಆ ವ್ಯತ್ಯಾಸವನ್ನೆಲ್ಲ ಮಂಡಿಯ ಒಳಬದಿ ಮತ್ತು ಪಾದದ ಕಮಾನು ಹೊರಬೇಕು. ಬೆನ್ನು ಒಳಗೆ ಬಾಗಿಸಿ ನಿಂತರೂ ಲಿಗಮೆಂಟ್ ಹೀಗೇ ಸಡಿಲವಾಗುತ್ತದೆ, ಅದರ ಪೆಟ್ಟು ಕೆಳಬೆನ್ನಿಗೆ. ಕೊಡಗಲ್ಲಿ ಹಾಕಿ ಆಡುವ ಹುಡುಗಿಯರು ಬೇಕಾದಷ್ಟು ಜನ. ಬಗ್ಗಿ ಆಡಿ ಆಡಿ ತೊಡೆಯ ಮುಂಭಾಗ ಬಿಗಿದಿದ್ದರೆ ಸೊಂಟ ಮುಂದಕ್ಕೆ ವಾಲುತ್ತದೆ. ಅವರಿಗೆ ಒಂದು ಮಂಡಿ ಊರಿ ಮಾಡುವ ಲಂಜ್ ಸ್ಟ್ರೆಚ್ ತಪ್ಪಿಸುವುದಿಲ್ಲ.

ತಿರುವನ್ನು ಹಿಡಿಯುವುದು ಪೃಷ್ಠದ ದೊಡ್ಡ ಸ್ನಾಯುವಿನ ಅಡಿಯಲ್ಲಿರುವ ಆರು ಸಣ್ಣ ಸ್ನಾಯುಗಳು. ಪಕ್ಕಕ್ಕೆ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಕೂಡಿಸಿಟ್ಟು ಮೇಲಿನ ಮಂಡಿಯನ್ನಷ್ಟೇ ತೆರೆಯುವ ವ್ಯಾಯಾಮ ಇವಕ್ಕೆ ಒಳ್ಳೆಯದು. ಸೊಂಟ ಹಿಂದಕ್ಕೆ ಉರುಳಬಾರದು. ಕಕ್ಕಡ ತಿಂಗಳ ಮಳೆ ಚಳಿಯಲ್ಲಿ ಮಕ್ಕಳು ನಡುಗುತ್ತಾ ಬರುತ್ತಾರೆ. ಮೈ ಬಿಸಿಯಾಗುವವರೆಗೆ ಜಗಲಿಯಲ್ಲಿ ನಡೆಸುತ್ತೇನೆ, ಆಮೇಲೇ ಸ್ಟ್ರೆಚ್.

ಕಪ್ಪೆ ಥರ ಮಲಗಿಸಿ ಬೆನ್ನ ಮೇಲೆ ಒತ್ತುವುದನ್ನು ನನ್ನ ಕ್ಲಾಸ್‌ನಲ್ಲಿ ಯಾರೂ ಮಾಡುವ ಹಾಗಿಲ್ಲ. ಕಾಲೆತ್ತಿದಾಗ ಸೊಂಟದಲ್ಲಿ 'ಟಕ್' ಅಂದು ನೋವಿಲ್ಲದಿದ್ದರೆ, ಹೆಚ್ಚಿನ ಸಲ ಅದು ಸ್ನಾಯುವಿನ ನಾರು ಮೂಳೆ ಮೇಲೆ ಜಾರಿದ ಶಬ್ದ. ತೊಡೆಸಂದಿನ ಆಳದಲ್ಲಿ ಚಿವುಟಿದ ಹಾಗೆ ನೋವು ಬಂದರೆ ಮಾತ್ರ ಬೇರೆ. ಗುಳಿಯ ಅಂಚಿನಲ್ಲಿರುವ ಲೇಬ್ರಮ್ ಅನ್ನುವ ಮೆದು ಪಟ್ಟಿಗೆ ಪೆಟ್ಟಾಗಿರಬಹುದು. ಆ ದಿನ ಕಾಲೆತ್ತುವುದು ಬಂದ್. ಅಮ್ಮನಿಗೆ ಫೋನ್ ಮಾಡಿ, ಮೂಳೆ ಡಾಕ್ಟರ್‌ಗೆ ತೋರಿಸಿದ ಮೇಲೇ ಕ್ಲಾಸ್‌ಗೆ ಕಳಿಸಿ ಅನ್ನುತ್ತೇನೆ.