ಗುಂಗುರು ಕೂದಲಿಗೆ ಕೈ ಪಳಗಿಸುವುದು ಹೇಗೆ?

ಬೆಂಗಳೂರಿನ ಕಮ್ಮನಹಳ್ಳಿ, ಹೆಣ್ಣೂರು ಕಡೆ ಪಾರ್ಲರ್ ಇಟ್ಟವರಿಗೆ ಇದು ಗೊತ್ತು. ಆಫ್ರಿಕಾದಿಂದ ಓದಲು ಬಂದ ಹುಡುಗಿ ಒಳಗೆ ಬಂದರೆ ಕೆಲಸದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಲ್ಲಾಪುರ, ಹಳಿಯಾಳದಿಂದ ಬಂದ ನಮ್ಮದೇ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹುಡುಗಿ ಕೂತರೂ ಅಷ್ಟೇ. "ಸ್ಮೂತನಿಂಗ್ ಮಾಡಿಸ್ಬಿಡಿ ಮೇಡಂ" ಅಂದುಬಿಡುತ್ತಾರೆ, ಅಂದರೆ ಕೂದಲನ್ನು ನೇರ ಮಾಡಿಸಿ ಅಂತ. ಕೈಗೆ ಗೊತ್ತಿಲ್ಲದ ಕೆಲಸದ ಭಯ ಆಡಿಸುವ ಮಾತು ಅದು. ಕಲಿಸಿದರೆ ಭಯ ಹೋಗುತ್ತದೆ.

ಬ್ರಿಟನ್‌ನಲ್ಲಿ 2021ರಲ್ಲಿ ಕೂದಲ ಕೆಲಸದ ತರಬೇತಿಯ ನಿಯಮ ಬದಲಾಯಿಸಿ, ಬಿಗಿ ಸುರುಳಿಯ ಕೂದಲನ್ನೂ ಪಾಠಕ್ಕೆ ಸೇರಿಸಿದರು. ನ್ಯೂಯಾರ್ಕ್ ರಾಜ್ಯ 2023ರಲ್ಲಿ ಕಾನೂನನ್ನೇ ಮಾಡಿತು. ನಾವು ಅಂಥದ್ದಕ್ಕೆ ಕಾಯುತ್ತಾ ಕೂರಬೇಕಾಗಿಲ್ಲ. ಮಂಗಳವಾರ ಕೂದಲಿಗೆ ಕತ್ತರಿ ತಾಗಿಸಬಾರದು ಅನ್ನುವವರು ನಮ್ಮಲ್ಲಿ ಜಾಸ್ತಿ, ಅವತ್ತು ಕೆಲಸ ಕಡಿಮೆ. ಆ ಮಧ್ಯಾಹ್ನ ಕಲಿಸಲು ಇಟ್ಟುಕೊಳ್ಳಿ.

ಮೊದಲ ದಿನ ಕತ್ತರಿ, ಬಾಚಣಿಗೆ ಎರಡೂ ಬೇಡ. ಕೂದಲನ್ನು ನೋಡಲು, ಮುಟ್ಟಲು ಕಲಿಸಿ. ಈ ಕೂದಲು ಬುಡದಿಂದಲೇ ಬಾಗಿ ಬರುತ್ತದೆ, ಎಳೆ ಚಪ್ಪಟೆ. ನೆತ್ತಿಯ ಜಿಡ್ಡು ಅಷ್ಟೊಂದು ಸುರುಳಿ ಇಳಿದು ತುದಿ ತಲುಪುವುದು ಕಷ್ಟ, ಅದಕ್ಕೇ ಒಣಗಿರುತ್ತದೆ. ತಿರುವು ಇರುವಲ್ಲೆಲ್ಲ ಎಳೆ ಬೇಗ ತುಂಡಾಗುತ್ತದೆ. ನೋಡಲು ದಟ್ಟ, ಆದರೆ ತುಂಬಾ ನಾಜೂಕು. ಇದೊಂದು ಅರ್ಥವಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ.

ಎರಡನೆಯದು, ಸಿಕ್ಕು ಬಿಡಿಸುವುದು. ಇದಕ್ಕೆ ಮೂರು ವಾರ ಕೊಟ್ಟರೂ ಜಾಸ್ತಿಯಲ್ಲ. ನನ್ನ ಅಕ್ಕನ ಮಗಳ ಕೂದಲನ್ನು ಒಂದು ಪಾರ್ಲರ್‌ನಲ್ಲಿ ಒಣಗಿದ್ದಾಗಲೇ, ಸಣ್ಣ ಹಲ್ಲಿನ ಬಾಚಣಿಗೆಯಿಂದ, ಬುಡದಿಂದ ಎಳೆದರು. ನೆಲದ ಮೇಲೆ ಹಿಡಿಗಟ್ಟಲೆ ಕೂದಲು. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಸರಿಯಾದ ದಾರಿ ಹೀಗೆ. ಕೂದಲನ್ನು ಆರೆಂಟು ಪಾಲು ಮಾಡಿ ಕ್ಲಿಪ್ ಹಾಕಿ. ಒಂದು ಪಾಲನ್ನಷ್ಟೇ ಬಿಚ್ಚಿ, ನೀರು ಚಿಮುಕಿಸಿ, ಕೈತುಂಬ ಕಂಡಿಷನರ್ ಹಚ್ಚಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರೆ ಎಳೆತ ನೆತ್ತಿಗೆ ತಾಗುವುದಿಲ್ಲ. ಬಿಡಿಸಿದ ಪಾಲನ್ನು ಸಡಿಲವಾಗಿ ಹೊಸೆದು ಬಿಡಿ, ಮತ್ತೆ ಸಿಕ್ಕಾಗುವುದಿಲ್ಲ. ಅಭ್ಯಾಸದ ಬೊಂಬೆಗೆ ಸಾಮಾನ್ಯವಾಗಿ ನೇರ ಕೂದಲೇ ಇರುತ್ತದೆ, ಗುಂಗುರಿನದನ್ನೇ ಕೇಳಿ ತರಿಸಿ. ಅದು ಬರುವವರೆಗೆ ಉಲ್ಲನ್ ನೂಲನ್ನು ಸಿಕ್ಕು ಮಾಡಿ ಕೊಟ್ಟರೂ ಬೆರಳು ಪಳಗುತ್ತದೆ.

ತೊಳೆಯುವಾಗ ಶಾಂಪೂ ನೆತ್ತಿಗೆ ಮಾತ್ರ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೂದಲು ಇನ್ನೂ ಬಿರುಸಾಗುತ್ತದೆ, ಕೊನೆಯ ಸಲಕ್ಕಾದರೂ ಕಾವೇರಿ ನೀರು ಬಳಸಿ. ಟವೆಲ್‌ನಿಂದ ಉಜ್ಜಬೇಡಿ. ಹಳೆಯ ಕಾಟನ್ ಟೀ ಶರ್ಟ್‌ನಲ್ಲಿ ಒತ್ತಿದರೆ ಸಾಕು.

ಕತ್ತರಿ ಕೊನೆಗೆ. ಎಳೆದಾಗ 12 ಇಂಚು ಇರುವ ಕೂದಲು ಒಣಗಿದಾಗ 4 ಇಂಚಿಗೆ ಕುಗ್ಗಬಹುದು. ಒದ್ದೆಯಲ್ಲಿ ಅಳೆದು ಒಂದಿಂಚು ಜಾಸ್ತಿ ಕತ್ತರಿಸಿದರೆ ಹೇಗೆ ಕಾಣುತ್ತದೆ, ಯೋಚಿಸಿ. ಹಾಗಾಗಿ ಒಣಗಿಸಿ, ಎಳೆಯದೆ, ಸುರುಳಿ ಸುರುಳಿಯಾಗಿ ಸ್ವಲ್ಪ ಸ್ವಲ್ಪವೇ ಕತ್ತರಿಸಲಿ. ಜಡೆ ಹೆಣೆದರೆ ಹಣೆಯಂಚು ನೋಡಿ. ಅಲ್ಲಿ ಚಿಕ್ಕ ಗುಳ್ಳೆ ಎದ್ದರೆ ಜಡೆ ಬಿಗಿಯಾಯಿತು ಅಂತಲೇ ಅರ್ಥ, ತಕ್ಷಣ ಬಿಚ್ಚಿ. ವರ್ಷಗಟ್ಟಲೆ ಹಾಗೆ ಎಳೆದರೆ ಅಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ಇನ್ನು ನಿಜವಾದ ತಲೆ. ಕಲಿಯುವವಳು ಮಾಡುತ್ತಾಳೆ ಅಂತ ಬಂದವರಿಗೆ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಕೂರಿಸಿ, ದುಡ್ಡು ತೆಗೆದುಕೊಳ್ಳಬೇಡಿ. ಮೂರು ಗಂಟೆ ಹಿಡಿಯಬಹುದು, ಅದನ್ನೂ ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. "ಮನೆಯಲ್ಲಿ ಹೇಗೆ ಬಾಚ್ಕೋತೀರಿ?" ಅಂತ ಕಲಿಯುವವಳ ಬಾಯಲ್ಲೇ ಕೇಳಿಸಿ. ಆ ಕೂದಲಿನ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ಕುರ್ಚಿಯಲ್ಲೇ ಕೂತಿದ್ದಾರೆ, ಅಲ್ವಾ?