ಎಚ್‌ಐವಿ ಇದ್ದವ್ರು ಟಿಬಿ ಬರದ ಹಾಗೆ ಮಾತ್ರೆ ತಗೊಳ್ಳೋದು ಹೇಗೆ

ಎಚ್‌ಐವಿ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆ ತಪ್ಪದೆ ತಿಂತಾ ಇದ್ದೇನೆ, ಇನ್ನು ಇದೊಂದು ಎಂತಕ್ಕೆ ಅಂತ ಕೇಳ್ಬೇಡಿ ಮಾರಾಯ್ರೆ, ಟಿಬಿ ಕ್ರಿಮಿ ಮೈಯೊಳಗೆ ಸುಮ್ನೆ ಮಲಗಿರ್ತದೆ, ಎಚ್‌ಐವಿ ಇದ್ದವ್ರಲ್ಲಿ ಅದು ಏಳೋ ಚಾನ್ಸ್ ಜಾಸ್ತಿ.

ಮುಂದಿನ ಸಲ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೋ ಉಡುಪಿಯ ಅಜ್ಜರಕಾಡು ಆಸ್ಪತ್ರೆಗೋ ಎಆರ್‌ಟಿ ಮಾತ್ರೆ ತರ್ಲಿಕ್ಕೆ ಹೋದಾಗ ಟಿಬಿ ತಡೆಯೋ ಮಾತ್ರೆ ಕೇಳಿ, ಸರ್ಕಾರದ್ದು ಫ್ರೀ. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರೋದು, ಈ ನಾಲ್ಕರಲ್ಲಿ ಒಂದಿದ್ರೂ ಮುಚ್ಚಿಡ್ಬೇಡಿ. ಟಿಬಿ ಆಗ್ಲೇ ಶುರುವಾಗಿದ್ರೆ ಈ ಮಾತ್ರೆ ಸಾಲೋದಿಲ್ಲ, ಕಫ ಟೆಸ್ಟ್ ಮೊದ್ಲು.

ಟಿಬಿ ಇಲ್ಲ ಅಂತಾದ್ರೆ ಐಸೋನಿಯಾಜಿಡ್ ಅನ್ನೋ ಮಾತ್ರೆ ದಿನಾ ಒಂದು, 6 ತಿಂಗ್ಳು, ದೊಡ್ಡವ್ರಿಗೆ ಸಾಮಾನ್ಯವಾಗಿ 300 ಮಿಲಿಗ್ರಾಂ, ಜೊತೆಗೆ ಬಿ6 ಮಾತ್ರೆ, ಅದು ಕೈಕಾಲು ಜುಮುಜುಮು ಆಗದ ಹಾಗೆ. ಇಲ್ಲಾಂದ್ರೆ ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್ ಅನ್ನೋ ಇನ್ನೊಂದು ಮಾತ್ರೆ ಸೇರಿಸಿ ವಾರಕ್ಕೊಮ್ಮೆ, ಒಟ್ಟು 12 ಸಲ. ಇದ್ರಲ್ಲಿ ಮೂತ್ರ ಕೆಂಪಾಗ್ತದೆ, ರಕ್ತ ಅಂತ ಹೆದರ್ಬೇಡಿ, ಆದ್ರೆ ಕೆಲವು ಎಆರ್‌ಟಿ ಮಾತ್ರೆ ಜೊತೆ ಆಗಿಬರೋದಿಲ್ಲ, ಹಾಗಾಗಿ ನಿಮ್ಮ ಮಾತ್ರೆ ಡಬ್ಬಿನೇ ಡಾಕ್ಟ್ರಿಗೆ ತೋರಿಸಿ.

ಕುಡಿಯೋದು ಬಿಡ್ಬೇಕು, ಶೇಂದಿಯೂ ಸೇರಿ, ಲಿವರಿಗೆ ಪೆಟ್ಟು. ಮತ್ತೆ ನಮ್ಮೂರಿನವ್ರಿಗೆ ಯಾರೂ ಹೇಳದ ಮಾತೊಂದುಂಟು, ಮೀನು! ಐಸೋನಿಯಾಜಿಡ್ ತಿನ್ನುವಾಗ ಐಸ್ ಇಲ್ಲದೆ ಹಳತಾದ ಬಂಗುಡೆ, ಕೇದರ ತಿಂದ್ರೆ ಕೆಲವ್ರಿಗೆ ಮುಖ ಕೆಂಪಾಗಿ ತಲೆನೋವು, ಎದೆ ಡವಡವ. ಅಮ್ಮ ನಿನ್ನೆಯ ಮೀನು ಪುಳಿಮುಂಚಿ ಸಾರು ಇಂದು ರುಚಿ ಅಂದ್ರೂ ಸ್ವಲ್ಪ ಸಮಯ ತಾಜಾ ಮೀನೇ ಆಗ್ಲಿ.

ಹಸಿವೇ ಇಲ್ಲ, ವಾಂತಿ, ಕಣ್ಣು ಹಳದಿ ಆಯ್ತಾ, ಮಾತ್ರೆ ನಿಲ್ಲಿಸಿ ಅವತ್ತೇ ಹೋಗಿ.